ಪೋಕರ್‌ನಲ್ಲಿ ಬ್ಲಫ್ ಯಾವಾಗ ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ನೋ ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಆಟಕ್ಕೆ ಸೇರಿದವು. ಯಾವ ಕೈ ಯಾವುದಕ್ಕಿಂತ ದೊಡ್ಡದು, ಫ್ಲಾಪ್, ಟರ್ನ್, ರಿವರ್ ಅಂದರೆ ಏನು ಅನ್ನುವಷ್ಟು ಗೊತ್ತಿದ್ದರೆ ಸಾಕು. ಉಳಿದದ್ದನ್ನು ಅಲ್ಲಲ್ಲೇ ಹೇಳಿದ್ದೇನೆ.

ಬ್ಲಫ್ ಅಂದರೆ ಕೈಯಲ್ಲಿ ಏನೂ ಇಲ್ಲದೆ ಸುಮ್ನೆ ದುಡ್ಡು ಹಾಕೋದು ಅಲ್ವಾ?

ಅಲ್ಲ. ನಿಮಗಿಂತ ಒಳ್ಳೆಯ ಕೈ ಇರುವವರು ಅದನ್ನು ಬಿಟ್ಟುಕೊಡಲಿ ಎಂದು ಬೆಟ್ ಮಾಡುವುದು ಬ್ಲಫ್. "ಬಿಟ್ಟುಕೊಡಲಿ" ಅನ್ನುವುದು ಇಲ್ಲಿ ಮುಖ್ಯ. ನಿಮ್ಮ ಕೈಯಲ್ಲಿ ಏನೂ ಇಲ್ಲ ಅನ್ನುವುದು ಬ್ಲಫ್ ಮಾಡಲು ಕಾರಣವಾಗುವುದಿಲ್ಲ. ಎದುರಿನವರು ಬಿಡಬಹುದಾದ ಕೈ ಹಿಡಿದಿದ್ದಾರೆ ಅನ್ನುವುದು ಕಾರಣ.

ಬೆಟ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಷ್ಟು ಹಾಕಿದರೆ ನನಗಿಂತ ಒಳ್ಳೆಯ ಯಾವ ಯಾವ ಕೈ ಫೋಲ್ಡ್ ಆಗುತ್ತದೆ (ಅಂದರೆ ಬಿಟ್ಟುಹೋಗುತ್ತದೆ)? ಎರಡು ಮೂರು ಕೈಗಳ ಹೆಸರು ಹೇಳಲು ಆಗದಿದ್ದರೆ ಚೆಕ್ ಮಾಡಿ, ಅಂದರೆ ದುಡ್ಡು ಹಾಕದೆ ಸರದಿ ಮುಂದಕ್ಕೆ ಬಿಡಿ. ಬಹಳಷ್ಟು ಕೆಟ್ಟ ಬ್ಲಫ್‌ಗಳು ಈ ಒಂದು ಪ್ರಶ್ನೆಯಲ್ಲೇ ನಿಂತುಹೋಗುತ್ತವೆ.

ಹಾಗಾದರೆ ಸರಿಯಾದ ಸಮಯ ಯಾವುದು?

ಮೂರು ವಿಷಯ ಕೂಡಿಬಂದಾಗ. ಈ ಕೈಯಲ್ಲಿ ಮೊದಲಿನಿಂದ ನೀವು ಆಡಿದ ರೀತಿಗೆ ಈಗಿನ ಬೆಟ್ ತಾಳೆಯಾಗಬೇಕು. ಎದುರಿನವರು ಫೋಲ್ಡ್ ಮಾಡಬಲ್ಲ ಜನ ಆಗಿರಬೇಕು. ಹಾಕುವ ದುಡ್ಡಿಗೆ ಲೆಕ್ಕ ಕೂಡಿಬರಬೇಕು. ಇದರಲ್ಲಿ ಜನ ಜಾಸ್ತಿ ಮರೆಯುವುದು ಮೊದಲನೆಯದನ್ನು. ರಿವರ್‌ಗೆ ಬಂದು ಎಲೆ ಕೂಡದೆ ಹೋದ ಮೇಲೆ "ಈಗ ಬ್ಲಫ್ ಮಾಡಲಾ?" ಎಂದು ಯೋಚಿಸಲು ಶುರು ಮಾಡುತ್ತಾರೆ. ಆ ಹೊತ್ತಿಗೆ ನಿಮ್ಮ ಮಾತಿನ ಮುಕ್ಕಾಲು ಪಾಲು ಆಗಲೇ ಆಡಿ ಮುಗಿದಿರುತ್ತದೆ. ಧೈರ್ಯದಿಂದ ಅದನ್ನು ತಿದ್ದಲು ಬರುವುದಿಲ್ಲ.

ತಾಳೆಯಾಗೋದು ಅಂದರೆ ಹೇಗೆ? ಒಂದು ಕೈ ಹಿಡಿದು ವಿವರಿಸಿ.

ಬ್ಲೈಂಡ್ (ಎಲೆ ಹಂಚುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ದುಡ್ಡು) 50 ಮತ್ತು 100 ಅಂದುಕೊಳ್ಳಿ. ಇಬ್ಬರ ಹತ್ತಿರವೂ 10,000 ಚಿಪ್ಸ್ ಇದೆ. ನೀವು ಬಟನ್‌ನಲ್ಲಿದ್ದೀರಿ (ಫ್ಲಾಪ್ ಆದ ಮೇಲೆ ಕೊನೆಗೆ ಆಡುವ ಜಾಗ), ಕೈಯಲ್ಲಿ ಸ್ಪೇಡ್ ಎಕ್ಕ ಮತ್ತು ಡೈಮಂಡ್ ಐದು. 250ಕ್ಕೆ ರೇಸ್ ಮಾಡಿದಿರಿ (ಬೆಟ್ ಏರಿಸಿದಿರಿ), ಬಿಗ್ ಬ್ಲೈಂಡ್ (100 ಹಾಕಿದ್ದವರು) ಮಾತ್ರ ಕಾಲ್ ಮಾಡಿದರು (ಅಷ್ಟಕ್ಕೇ ಸರಿಗಟ್ಟಿದರು). ಪಾಟ್ (ನಡುವೆ ಕೂಡಿದ ಒಟ್ಟು ಚಿಪ್ಸ್) 550.

ಫ್ಲಾಪ್: ಸ್ಪೇಡ್ ರಾಜ, ಸ್ಪೇಡ್ ಒಂಬತ್ತು, ಡೈಮಂಡ್ ನಾಲ್ಕು. ಅವರು ಚೆಕ್, ನೀವು 200, ಅವರು ಕಾಲ್. ಪಾಟ್ 950. ಟರ್ನ್ ಸ್ಪೇಡ್ ಏಳು. ಅವರು ಮತ್ತೆ ಚೆಕ್, ನೀವು 600, ಅವರು ಕಾಲ್. ಪಾಟ್ 2,150. ರಿವರ್ ಕ್ಲಬ್ ಎರಡು. ನಿಮಗೆ ಫ್ಲಷ್ ಕೂಡಲಿಲ್ಲ, ಒಂದು ಜೋಡಿಯೂ ಇಲ್ಲ. ಅವರು ಚೆಕ್ ಮಾಡಿದರು.

ಈಗ 1,600 ಹಾಕಿದರೆ ನೀವು ಹೇಳುತ್ತಿರುವುದೇನು? "ನನ್ನ ಹತ್ತಿರ ಫ್ಲಷ್ ಇದೆ." ಇದು ನಂಬುವ ಹಾಗಿದೆಯೇ? ಎರಡು ಸ್ಪೇಡ್ ಹಿಡಿದವರು ಬಟನ್‌ನಿಂದ ರೇಸ್ ಮಾಡುತ್ತಾರೆ, ಫ್ಲಾಪ್‌ನಲ್ಲಿ ಬೆಟ್ ಮಾಡುತ್ತಾರೆ, ಟರ್ನ್‌ನಲ್ಲಿ ಫ್ಲಷ್ ಕೂಡಿದಾಗ ಬೆಟ್ ಜಾಸ್ತಿ ಮಾಡುತ್ತಾರೆ, ರಿವರ್‌ನಲ್ಲಿ ಇನ್ನೊಮ್ಮೆ ಹಾಕುತ್ತಾರೆ. ನೀವು ಮಾಡಿದ್ದೂ ಅದೇ. ಎದುರಿನವರ ಕಡೆ ನೋಡಿ. ಟರ್ನ್‌ನಲ್ಲಿ ಅವರಿಗೇ ಫ್ಲಷ್ ಕೂಡಿದ್ದರೆ ಬಹಳಷ್ಟು ಸಲ ಅಲ್ಲೇ ರೇಸ್ ಮಾಡುತ್ತಿದ್ದರು. ಬರೀ ಕಾಲ್ ಮಾಡಿದ್ದಾರೆ ಅಂದರೆ ಜಾಸ್ತಿ ಇರುವುದು ರಾಜನ ಜೋಡಿ, ಒಂಬತ್ತರ ಜೋಡಿಯಂಥ ಕೈಗಳು. ನೀವು ಬಿಡಿಸಬೇಕಾಗಿರುವುದೂ ಇವನ್ನೇ. ಇನ್ನೂ ಒಂದು: ಸ್ಪೇಡ್ ಎಕ್ಕ ನಿಮ್ಮ ಕೈಯಲ್ಲಿದೆ. ಹಾಗಾಗಿ ಅತಿ ದೊಡ್ಡ ಫ್ಲಷ್ ಅವರ ಹತ್ತಿರ ಇರಲು ಸಾಧ್ಯವೇ ಇಲ್ಲ. ಇದು ಒಳ್ಳೆಯ ಬ್ಲಫ್.

ಅದೇ ಎಲೆ, ಅದೇ ಬೋರ್ಡು (ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳು). ಆದರೆ ಟರ್ನ್‌ನಲ್ಲಿ ಸ್ಪೇಡ್ ಏಳು ಬಿದ್ದಾಗ ನೀವು ಚೆಕ್ ಮಾಡಿದಿರಿ, ರಿವರ್‌ನಲ್ಲಿ ಕ್ಲಬ್ ಎರಡು ಬಿದ್ದ ಮೇಲೆ ಇದ್ದಕ್ಕಿದ್ದಂತೆ ದೊಡ್ಡ ಬೆಟ್ ಹಾಕಿದಿರಿ. ಯೋಚನೆ ಮಾಡುವ ಯಾರಿಗಾದರೂ ಅನುಮಾನ ಬರುತ್ತದೆ. ಫ್ಲಷ್ ಇದ್ದವರು ಟರ್ನ್‌ನಲ್ಲಿ ಯಾಕೆ ಸುಮ್ಮನಿದ್ದರು? ಕ್ಲಬ್ ಎರಡರಿಂದ ಯಾರ ಕೈ ತಾನೇ ಸುಧಾರಿಸಿತು? ಒಂಬತ್ತರ ಜೋಡಿ ಇದ್ದವರೂ ಕಾಲ್ ಮಾಡುತ್ತಾರೆ.

ಬ್ಲಫ್ ಎಷ್ಟು ಸಲ ಗೆದ್ದರೆ ನಷ್ಟ ಆಗುವುದಿಲ್ಲ?

ನೀವು ಹಾಕುವ ಬೆಟ್ಟನ್ನು, ಪಾಟ್ ಮತ್ತು ಬೆಟ್ ಕೂಡಿದ ಮೊತ್ತದಿಂದ ಭಾಗಿಸಿ. ಅಷ್ಟೇ.

ಪಾಟ್ 1,000 ಇದ್ದು ನೀವು 500 ಹಾಕಿದರೆ, 500ನ್ನು 1,500ರಿಂದ ಭಾಗಿಸಬೇಕು: ಶೇ. 33. ಮೂರರಲ್ಲಿ ಒಂದು ಸಲ ಅವರು ಫೋಲ್ಡ್ ಮಾಡಿದರೆ ಸಾಕು. ಪಾಟ್‌ನಷ್ಟೇ ಹಾಕಿದರೆ ಶೇ. 50, ಪಾಟ್‌ನ ಎರಡರಷ್ಟು ಹಾಕಿದರೆ ಶೇ. 67, ಮೂರನೇ ಒಂದು ಭಾಗ ಹಾಕಿದರೆ ಬರೀ ಶೇ. 25. ಮೇಲಿನ ಉದಾಹರಣೆಯಲ್ಲಿ 2,150ರ ಪಾಟ್‌ಗೆ 1,600 ಹಾಕಿದ್ದರಿಂದ ಸುಮಾರು ಶೇ. 43 ಬೇಕು.

ಈ ಲೆಕ್ಕ ಮನಸ್ಸಿಗೆ ಇಳಿದರೆ ಆಟ ನೋಡುವ ಕಣ್ಣೇ ಬದಲಾಗುತ್ತದೆ. ಅರ್ಧ ಪಾಟ್‌ನ ಬ್ಲಫ್ ಮೂರರಲ್ಲಿ ಎರಡು ಸಲ ಸಿಕ್ಕಿಬಿದ್ದರೂ ನಿಮ್ಮ ಲೆಕ್ಕ ಸಮ. ಸಿಕ್ಕಿಬಿದ್ದ ಬ್ಲಫ್ ಎಲ್ಲವೂ ತಪ್ಪು ಬ್ಲಫ್ ಅಲ್ಲ. ಗೆದ್ದ ಬ್ಲಫ್ ಎಲ್ಲವೂ ಸರಿಯಾದದ್ದೂ ಅಲ್ಲ.

ಯಾರ ಮೇಲೆ ಬ್ಲಫ್ ಮಾಡಲೇಬಾರದು?

ಒಂದು ಜೋಡಿ ಸಿಕ್ಕರೆ ಸಾಕು, ಕೊನೆಯವರೆಗೂ ಕಾಲ್ ಮಾಡುತ್ತಲೇ ಹೋಗುವ ಆಟಗಾರರಿರುತ್ತಾರೆ. ನೀವು ಎಷ್ಟು ಚೆನ್ನಾಗಿ ಆಡಿದಿರಿ, ಬೆಟ್‌ಗಳು ಎಷ್ಟು ತಾಳೆಯಾಗುತ್ತವೆ ಅನ್ನುವುದನ್ನು ಅವರು ಗಮನಿಸುವುದೇ ಇಲ್ಲ. ಅವರ ಮೇಲೆ ಬ್ಲಫ್ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಒಳ್ಳೆಯ ಕೈ ಬರುವ ತನಕ ಕಾಯಿರಿ, ಬಂದಾಗ ದೊಡ್ಡದಾಗಿ ಹಾಕಿ. ಅವರಿಂದ ದುಡ್ಡು ಬರುವ ದಾರಿ ಅದೇ.

ಈಗಷ್ಟೇ ದೊಡ್ಡ ಪಾಟ್ ಸೋತು ಸಿಟ್ಟಿನಲ್ಲಿರುವವರನ್ನೂ ಬಿಟ್ಟುಬಿಡಿ. ಅವರಿಗೆ ಆಗ ಫೋಲ್ಡ್ ಮಾಡುವ ಮನಸ್ಸೇ ಇರುವುದಿಲ್ಲ. ಹಾಗೆಯೇ ಚಿಪ್ಸ್‌ನ ಬಹುಪಾಲು ಆಗಲೇ ಪಾಟ್‌ಗೆ ಹಾಕಿ, ಕೈಯಲ್ಲಿ ಸ್ವಲ್ಪವೇ ಉಳಿಸಿಕೊಂಡವರು. 3,000ದ ಪಾಟ್‌ನಲ್ಲಿ 600 ಮಾತ್ರ ಉಳಿದವರು ಯಾವ ಕೈಯನ್ನೂ ಸುಲಭಕ್ಕೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ಬ್ಲಫ್ ನಡೆಯುವುದು ಯೋಚನೆ ಮಾಡಿ ಆಡುವವರ ಮೇಲೆ. "ಇವರು ಇಷ್ಟು ಹಾಕಿದ್ದಾರೆ ಅಂದರೆ ಏನೋ ಇದೆ" ಎಂದು ಲೆಕ್ಕ ಹಾಕಿ, ಬೇಜಾರಾದರೂ ಒಳ್ಳೆಯ ಜೋಡಿಯನ್ನು ಬಿಡುವ ಶಿಸ್ತು ಇರುವವರ ಮೇಲೆ. ಟೂರ್ನಮೆಂಟ್‌ನಲ್ಲಿ ಬಹುಮಾನದ ಸಾಲಿಗೆ ಬರಲು ಇನ್ನೊಬ್ಬಿಬ್ಬರು ಹೊರಬೀಳಬೇಕು ಅನ್ನುವ ಹಂತದಲ್ಲಿ ಮಧ್ಯಮ ಚಿಪ್ಸ್ ಇರುವವರು ತುಂಬಾ ಎಚ್ಚರಿಕೆಯಿಂದ ಆಡುತ್ತಾರೆ. ನಿಮ್ಮ ಹತ್ತಿರ ಅವರಿಗಿಂತ ಜಾಸ್ತಿ ಚಿಪ್ಸ್ ಇದ್ದರೆ ಒತ್ತಡ ಹಾಕಲು ಅದು ಒಳ್ಳೆಯ ಸಮಯ.

ಪಾಟ್‌ನಲ್ಲಿ ಮೂರು ನಾಲ್ಕು ಜನ ಇದ್ದರೆ?

ಬೇಡ. ಒಬ್ಬೊಬ್ಬರೂ ಶೇ. 60ರಷ್ಟು ಸಲ ಫೋಲ್ಡ್ ಮಾಡುತ್ತಾರೆ ಅಂದುಕೊಂಡರೂ, ಇಬ್ಬರೂ ಫೋಲ್ಡ್ ಮಾಡುವುದು ಸುಮಾರು ಶೇ. 36 ಸಲ, ಮೂವರೂ ಮಾಡುವುದು ಸುಮಾರು ಶೇ. 22 ಸಲ. ಇನ್ನೂ ಎಲೆ ಕೂಡುವ ಅವಕಾಶ ಇರುವ ಗಟ್ಟಿ ಡ್ರಾ ಇದ್ದರೆ ಬೇರೆ ಮಾತು.

ಸೆಮಿ ಬ್ಲಫ್ ಎಂದರೇನು? ಅದನ್ನೇ ಯಾಕೆ ಎಲ್ಲರೂ ಮೊದಲು ಕಲಿಯಿರಿ ಅನ್ನುತ್ತಾರೆ?

ಈಗ ನಿಮ್ಮ ಕೈ ದುರ್ಬಲ, ಆದರೆ ಮುಂದಿನ ಎಲೆಯಿಂದ ದೊಡ್ಡದಾಗಬಹುದು. ಅಂಥ ಕೈಯಿಂದ ಬೆಟ್ ಮಾಡುವುದು ಸೆಮಿ ಬ್ಲಫ್. ಗೆಲ್ಲಲು ಎರಡು ದಾರಿ: ಅವರು ಫೋಲ್ಡ್ ಮಾಡಬಹುದು, ಇಲ್ಲವೇ ಕಾಲ್ ಮಾಡಿದ ಮೇಲೆ ನಿಮಗೆ ಎಲೆ ಕೂಡಬಹುದು.

ಫ್ಲಾಪ್‌ನಲ್ಲಿ ಫ್ಲಷ್‌ಗೆ ಒಂದು ಎಲೆ ಬಾಕಿ ಇದ್ದರೆ, ಉಳಿದ 47 ಎಲೆಗಳಲ್ಲಿ 9 ನಿಮ್ಮವು. ರಿವರ್‌ವರೆಗೆ ನೋಡಿದರೆ ಸುಮಾರು ಶೇ. 35 ಸಲ ಕೂಡುತ್ತದೆ. ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾಗೆ 8 ಎಲೆ, ಸುಮಾರು ಶೇ. 31. ಮಧ್ಯದ ಒಂದೇ ಎಲೆ ಬೇಕಾದ ಸ್ಟ್ರೇಟ್‌ಗೆ 4 ಎಲೆ, ಸುಮಾರು ಶೇ. 16.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಟರ್ನ್‌ನಲ್ಲಿ ಪಾಟ್ 1,000, ನೀವು 700 ಹಾಕುತ್ತೀರಿ. ಕೈಯಲ್ಲಿ ಏನೂ ಇಲ್ಲದ ಬರೀ ಬ್ಲಫ್ ಆದರೆ ಶೇ. 41 ಸಲ ಫೋಲ್ಡ್ ಬೇಕು. ಫ್ಲಷ್ ಡ್ರಾ ಇದ್ದರೆ ಕೊನೆಯ ಎಲೆಯಲ್ಲಿ ಅದು ಕೂಡುವ ಸಾಧ್ಯತೆ ಸುಮಾರು ಶೇ. 20. ಕೂಡಿದರೆ ಪಾಟ್‌ನ 1,000, ಅವರ 700 ಎರಡೂ ನಿಮ್ಮವು. ಇಷ್ಟನ್ನು ಸೇರಿಸಿ ಲೆಕ್ಕ ಹಾಕಿದರೆ ಶೇ. 19ರ ಹತ್ತಿರ ಫೋಲ್ಡ್ ಸಿಕ್ಕರೂ ನಷ್ಟವಿಲ್ಲ. ರಿವರ್‌ನಲ್ಲಿ ಮತ್ತೆ ಬೆಟ್ ನಡೆಯುವುದಿಲ್ಲ, ನಿಮ್ಮ ಫ್ಲಷ್ಷೇ ಗೆಲ್ಲುತ್ತದೆ ಎಂದು ಹಿಡಿದ ಲೆಕ್ಕ ಇದು. ನಿಜವಾದ ಆಟದಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಂತರ ದೊಡ್ಡದೇ. ಹೊಸಬರು ಮೊದಲು ಇದನ್ನೇ ಅಭ್ಯಾಸ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಿವರ್‌ನ ಬರೀ ಬ್ಲಫ್ ಆಮೇಲೆ ಬರಲಿ.

ಯಾವ ಕೈಯನ್ನು ಬ್ಲಫ್‌ಗೆ ಬಳಸಬೇಕು, ಯಾವುದನ್ನು ಬಳಸಬಾರದು?

ತೋರಿಸಿದರೆ ಗೆಲ್ಲುವ ಸಾಧ್ಯತೆ ಇರುವ ಮಧ್ಯಮ ಕೈಯನ್ನು ಬಳಸಬೇಡಿ. ಎರಡನೇ ಜೋಡಿ (ಬೋರ್ಡಿನ ಎರಡನೇ ದೊಡ್ಡ ಎಲೆಯ ಜೋಡಿ) ಹಿಡಿದು ರಿವರ್‌ನಲ್ಲಿ ದೊಡ್ಡ ಬೆಟ್ ಹಾಕಿದರೆ ನಿಮಗಿಂತ ಕೆಟ್ಟ ಕೈಗಳೆಲ್ಲ ಹೋಗುತ್ತವೆ, ಒಳ್ಳೆಯ ಕೈಗಳು ಮಾತ್ರ ಉಳಿಯುತ್ತವೆ. ಚೆಕ್ ಮಾಡಿ ತೋರಿಸಿದ್ದರೆ ಎಷ್ಟೋ ಸಲ ಗೆಲ್ಲುತ್ತಿದ್ದಿರಿ. ಬ್ಲಫ್‌ಗೆ ಬೇಕಾಗಿರುವುದು ಚೆಕ್ ಮಾಡಿದರೆ ಗೆಲ್ಲಲು ಸಾಧ್ಯವೇ ಇಲ್ಲದ ಕೈ.

ಇದನ್ನು ಗಣಿತದಲ್ಲಿ ತೋರಿಸಿದವರು ಜಾನ್ ವಾನ್ ನಾಯ್ಮನ್. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಪ್ರಕಟಿಸಿದ ಕೃತಿಯಲ್ಲಿ ಅವರು ಪೋಕರ್‌ನ ಒಂದು ಸರಳ ಮಾದರಿಯನ್ನು ಬಿಡಿಸಿದರು. ಅದರಲ್ಲಿ ದೊಡ್ಡ ಬೆಟ್ ಹಾಕಬೇಕಾಗಿರುವುದು ಅತಿ ಒಳ್ಳೆಯ ಕೈಗಳಿಂದ ಮತ್ತು ಅತಿ ಕೆಟ್ಟ ಕೈಗಳಿಂದ. ನಡುವಿನ ಕೈಗಳು ಸುಮ್ಮನಿರಬೇಕು. ಬ್ಲಫ್ ಬರೀ ಮನಸ್ಸಿನ ಆಟ ಅಲ್ಲ, ಸರಿಯಾಗಿ ಆಡುವುದರಲ್ಲೇ ಅದು ಸೇರಿದೆ ಅನ್ನುವುದು ಆ ಲೆಕ್ಕದಿಂದ ಹೊರಟಿತು.

ಕೆಟ್ಟ ಕೈಗಳಲ್ಲೂ ಒಂದಕ್ಕಿಂತ ಒಂದು ವಾಸಿ ಇರುತ್ತದೆ. ಎದುರಿನವರ ದೊಡ್ಡ ಕೈಗೆ ಬೇಕಾದ ಎಲೆ ನಿಮ್ಮಲ್ಲಿದ್ದರೆ ಅದಕ್ಕೆ ಬ್ಲಾಕರ್ ಅನ್ನುತ್ತಾರೆ. ಎಕ್ಕದ ಜೋಡಿ 6 ರೀತಿಯಲ್ಲಿ ಬರಬಹುದು. ಒಂದು ಎಕ್ಕ ನಿಮ್ಮ ಕೈಯಲ್ಲಿದ್ದರೆ 3 ರೀತಿ ಮಾತ್ರ ಉಳಿಯುತ್ತದೆ. ತಿರುಗಿ ನೋಡಿದರೆ, ಅವರು ಫೋಲ್ಡ್ ಮಾಡಬೇಕಾದ ಕೈಗಳ ಎಲೆಯೇ ನಿಮ್ಮಲ್ಲಿದ್ದರೆ ಬ್ಲಫ್ ಕೆಡುತ್ತದೆ. ಕೂಡದೆ ಹೋದ ಫ್ಲಷ್ ಡ್ರಾ ಎಷ್ಟೋ ಸಲ ಈ ಕಾರಣಕ್ಕೇ ರಿವರ್‌ನಲ್ಲಿ ಒಳ್ಳೆಯ ಬ್ಲಫ್ ಆಗುವುದಿಲ್ಲ. ಅವರಲ್ಲೂ ಅಂಥ ಕೂಡದ ಡ್ರಾ ಇರಲಿ ಎಂದು ನೀವು ಬಯಸುತ್ತೀರಿ, ಆದರೆ ಆ ಎಲೆಗಳು ನಿಮ್ಮ ಕೈಯಲ್ಲೇ ಕೂತಿರುತ್ತವೆ.

ಬೋರ್ಡ್ ನೋಡಿ ಏನು ತಿಳಿಯಬಹುದು?

ಈ ಬೋರ್ಡು ಯಾರಿಗೆ ಜಾಸ್ತಿ ಹೊಂದುತ್ತದೆ ಎಂದು ನೋಡಿ. ಮೊದಲೇ ರೇಸ್ ಮಾಡಿದವರು ನೀವು, ಬಿಗ್ ಬ್ಲೈಂಡ್ ಕಾಲ್ ಮಾಡಿದ್ದಾರೆ, ಫ್ಲಾಪ್‌ನಲ್ಲಿ ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿ. ದೊಡ್ಡ ಎಲೆಗಳು ನಿಮ್ಮಲ್ಲೇ ಜಾಸ್ತಿ ಇರುವ ಸಂಭವ. ಚಿಕ್ಕ ಬೆಟ್‌ಗೇ ಬಹಳಷ್ಟು ಕೈಗಳು ಹೋಗುತ್ತವೆ. ಅದೇ ಒಂಬತ್ತು, ಎಂಟು, ಏಳು ಬಿದ್ದು ಅದರಲ್ಲಿ ಎರಡು ಒಂದೇ ಜಾತಿಯವಾದರೆ, ಕಾಲ್ ಮಾಡಿದವರಿಗೆ ಏನಾದರೊಂದು ಸಿಕ್ಕೇ ಇರುತ್ತದೆ. ಅಲ್ಲಿ ಎಕ್ಕ-ರಾಣಿ ಹಿಡಿದು ಬಲವಂತ ಮಾಡಬೇಡಿ.

ಒಮ್ಮೆ ಬ್ಲಫ್ ಶುರು ಮಾಡಿದ ಮೇಲೆ ಅವರು ಕಾಲ್ ಮಾಡಿದರೆ, ಮುಂದುವರಿಸಬೇಕಾ?

ಮುಂದಿನ ಎಲೆ ನೋಡಿ ತೀರ್ಮಾನಿಸಿ. ಬಂದ ಎಲೆ ನೀವು ತೋರಿಸುತ್ತಿರುವ ಕೈಯನ್ನು ದೊಡ್ಡದು ಮಾಡುತ್ತದೆಯೇ, ಅವರ ಕೈಯನ್ನು ಚಿಕ್ಕದು ಮಾಡುತ್ತದೆಯೇ? ಫ್ಲಾಪ್‌ನಲ್ಲಿ ಗುಲಾಮನ ಜೋಡಿ ಇಟ್ಟುಕೊಂಡು ಕಾಲ್ ಮಾಡಿದವರಿಗೆ ಟರ್ನ್‌ನಲ್ಲಿ ಎಕ್ಕ ಬಿದ್ದರೆ ಭಯ ಆಗುತ್ತದೆ. ಮೂರು ಬಿದ್ದರೆ ಏನೂ ಆಗುವುದಿಲ್ಲ. ಮೂರು ಬಿದ್ದಾಗ "ಇಷ್ಟು ಹಾಕಿಬಿಟ್ಟಿದ್ದೇನಲ್ಲ" ಎಂದು ಮತ್ತೆ ಹಾಕಬೇಡಿ. ಪಾಟ್‌ಗೆ ಹೋದ ಚಿಪ್ಸ್ ಈಗ ನಿಮ್ಮದಲ್ಲ. ಅವರು ಫೋಲ್ಡ್ ಮಾಡುತ್ತಾರೋ ಇಲ್ಲವೋ ಅನ್ನುವುದಕ್ಕೂ ಆ ಚಿಪ್ಸ್‌ಗೂ ಸಂಬಂಧವಿಲ್ಲ.

ರಿವರ್‌ನಲ್ಲಿ ಎಷ್ಟು ಸಲ ಬ್ಲಫ್ ಮಾಡಬೇಕು?

ಚೆನ್ನಾಗಿ ಆಡುವವರ ಎದುರು, ಪಾಟ್‌ನಷ್ಟೇ ಬೆಟ್ ಹಾಕುವುದಾದರೆ ಎರಡು ನಿಜವಾದ ದೊಡ್ಡ ಕೈಗೆ ಒಂದು ಬ್ಲಫ್. ಅರ್ಧ ಪಾಟ್ ಆದರೆ ಮೂರಕ್ಕೆ ಒಂದು. ಈ ಪ್ರಮಾಣ ಕಾಪಾಡಿದರೆ ಕಾಲ್ ಮಾಡಿದರೂ ಫೋಲ್ಡ್ ಮಾಡಿದರೂ ಅವರಿಗೆ ಒಂದೇ. ಎದುರಿನವರು ಫೋಲ್ಡ್ ಜಾಸ್ತಿ ಮಾಡುತ್ತಾರೆ ಅನ್ನಿಸಿದರೆ ಬ್ಲಫ್ ಹೆಚ್ಚಿಸಿ, ಕಾಲ್ ಜಾಸ್ತಿ ಮಾಡಿದರೆ ಪೂರ್ತಿ ನಿಲ್ಲಿಸಿ.

ಮುಖ ನೋಡಿ ಬ್ಲಫ್ ಕಂಡುಹಿಡಿಯಬಹುದಾ?

ಅಪರೂಪಕ್ಕೆ. ಕೈ ನಡುಗುವುದು ದೊಡ್ಡ ಕೈ ಬಂದ ಉತ್ಸಾಹಕ್ಕೂ ಇರಬಹುದು. ಮುಖಕ್ಕಿಂತ ಬೆಟ್‌ಗಳು ಜಾಸ್ತಿ ಹೇಳುತ್ತವೆ. ಇದಕ್ಕೆ ದೊಡ್ಡ ಸಾಕ್ಷಿ ಕಂಪ್ಯೂಟರ್. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಎದುರು ಒಟ್ಟು 1,20,000 ಕೈ ಆಡಿ ಗೆದ್ದಿತು. ಒಬ್ಬರಿಗೆ ಒಬ್ಬರು ಆಡುವ ಆಟ ಅದು. 2019ರಲ್ಲಿ ಪ್ಲುರಿಬಸ್ ಎಂಬ ಇನ್ನೊಂದು ಪ್ರೋಗ್ರಾಂ ಆರು ಜನರ ಆಟದಲ್ಲೂ ಗೆದ್ದಿತು. ಎರಡೂ ಬ್ಲಫ್ ಮಾಡುತ್ತಿದ್ದವು. ಯಾರ ಮುಖವನ್ನೂ ನೋಡದೆ.

ಹೆಸರಾದ ಬ್ಲಫ್ ಒಂದನ್ನು ಬಿಡಿಸಿ ಹೇಳಿ.

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯ. 839 ಆಟಗಾರರಲ್ಲಿ ಕೊನೆಗೆ ಉಳಿದವರು ಇಬ್ಬರು: ಆನ್‌ಲೈನ್ ಅರ್ಹತಾ ಪಂದ್ಯ ಗೆದ್ದು ಬಂದಿದ್ದ ಕ್ರಿಸ್ ಮನಿಮೇಕರ್, ಪಳಗಿದ ವೃತ್ತಿಪರ ಸ್ಯಾಮ್ ಫರ್ಹಾ. ಮನಿಮೇಕರ್ ಕೈಯಲ್ಲಿ ಸ್ಪೇಡ್ ರಾಜ, ಹಾರ್ಟ್ ಏಳು. ಫರ್ಹಾ ಕೈಯಲ್ಲಿ ಸ್ಪೇಡ್ ರಾಣಿ, ಹಾರ್ಟ್ ಒಂಬತ್ತು. ಫ್ಲಾಪ್‌ನಲ್ಲಿ ಸ್ಪೇಡ್ ಒಂಬತ್ತು, ಡೈಮಂಡ್ ಎರಡು, ಸ್ಪೇಡ್ ಆರು. ಫರ್ಹಾಗೆ ಬೋರ್ಡಿನ ಅತಿ ದೊಡ್ಡ ಜೋಡಿ.

ಟರ್ನ್‌ನಲ್ಲಿ ಸ್ಪೇಡ್ ಎಂಟು. ಮನಿಮೇಕರ್‌ಗೆ ಈಗ ಫ್ಲಷ್ ಡ್ರಾ, ಸ್ಟ್ರೇಟ್ ಡ್ರಾ ಎರಡೂ ಇವೆ. ಅವರ ಕಡೆಯಿಂದ ಎಣಿಸಿದರೆ 15 ಎಲೆಗಳಿಂದ ಕೈ ಕೂಡುತ್ತದೆ. ಫರ್ಹಾ ಬೆಟ್ ಮಾಡಿದರು, ಮನಿಮೇಕರ್ ರೇಸ್ ಮಾಡಿದರು. ಅದು ಗಟ್ಟಿ ಸೆಮಿ ಬ್ಲಫ್. ಫರ್ಹಾ ಕಾಲ್. ರಿವರ್‌ನಲ್ಲಿ ಹಾರ್ಟ್ ಮೂರು, ಏನೂ ಕೂಡಲಿಲ್ಲ. ಮನಿಮೇಕರ್ ಇದ್ದದ್ದನ್ನೆಲ್ಲ ಹಾಕಿದರು. ಫರ್ಹಾ ಯೋಚಿಸಿ ಯೋಚಿಸಿ ಒಂಬತ್ತರ ಜೋಡಿಯನ್ನು ಬಿಟ್ಟರು. ಮನಿಮೇಕರ್ ಮುಂದೆ ಆ ಪಂದ್ಯ ಗೆದ್ದು 25 ಲಕ್ಷ ಡಾಲರ್ ಪಡೆದರು.

ಜನ ಆ ಕೊನೆಯ ಬೆಟ್‌ನ ಧೈರ್ಯವನ್ನು ಹೊಗಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಟರ್ನ್‌ನ ರೇಸ್. ಮೂರನೇ ಸ್ಪೇಡ್ ಬಿದ್ದ ತಕ್ಷಣ ಫ್ಲಷ್ ಇದ್ದವರು ಹೇಗೆ ಆಡುತ್ತಾರೋ ಹಾಗೆ ಆಡಿದ್ದರಿಂದಲೇ ರಿವರ್‌ನ ಬೆಟ್‌ಗೆ ಬೆಲೆ ಬಂತು. ಟರ್ನ್‌ನಲ್ಲಿ ಬರೀ ಕಾಲ್ ಮಾಡಿದ್ದರೆ ಅಷ್ಟೇ ಚಿಪ್ಸ್ ಹಾಕಿದರೂ ಅಷ್ಟು ನಂಬಿಕೆ ಹುಟ್ಟುತ್ತಿರಲಿಲ್ಲ.

ಬ್ಲಫ್ ಗೆದ್ದಾಗ ಎಲೆ ತೋರಿಸಬೇಕಾ?

ತೋರಿಸಬೇಡಿ. ನೀವು ಯಾವ ಕೈಯಿಂದ ಹೇಗೆ ಆಡುತ್ತೀರಿ ಅನ್ನುವ ಮಾಹಿತಿಯನ್ನು ಪುಕ್ಕಟೆ ಕೊಟ್ಟ ಹಾಗಾಗುತ್ತದೆ. ಎದುರಿನವರಿಗೂ ಅದು ಚುಚ್ಚುತ್ತದೆ.

ಸೋಲುತ್ತಿರುವಾಗ ಬ್ಲಫ್ ಮಾಡಿ ಚೇತರಿಸಿಕೊಳ್ಳಬಹುದಾ?

ಹೋದ ದುಡ್ಡು ವಾಪಸ್ ಬರಲಿ ಎಂದು ಮಾಡುವ ಬ್ಲಫ್‌ನಲ್ಲಿ ಮೇಲೆ ಹೇಳಿದ ಯಾವ ಪ್ರಶ್ನೆಗೂ ಉತ್ತರ ಇರುವುದಿಲ್ಲ. ಯಾವ ಕೈ ಫೋಲ್ಡ್ ಆಗುತ್ತದೆ ಎಂದು ಕೇಳಿಕೊಳ್ಳುವ ತಾಳ್ಮೆಯೇ ಆಗ ಉಳಿದಿರುವುದಿಲ್ಲ. ಆ ಸ್ಥಿತಿ ಬಂದಿದೆ ಅನ್ನಿಸಿದರೆ ಆಟ ಬಿಟ್ಟು ಏಳಿ. ಕಳೆದುಕೊಂಡರೆ ತೊಂದರೆಯಾಗುವ ದುಡ್ಡನ್ನು ಮೇಜಿಗೆ ತರಲೇಬೇಡಿ.

ಇದನ್ನೆಲ್ಲ ಅಭ್ಯಾಸ ಮಾಡೋದು ಹೇಗೆ?

ದುಡ್ಡಿಲ್ಲದೆಯೂ ಆಗುತ್ತದೆ. ನೀವು ಫೋಲ್ಡ್ ಮಾಡಿ ಕೂತಿರುವಾಗ ಉಳಿದವರ ಆಟ ನೋಡಿ. ಒಬ್ಬರು ರಿವರ್‌ನಲ್ಲಿ ದೊಡ್ಡ ಬೆಟ್ ಹಾಕಿದ ಕೂಡಲೇ ಹಿಂದಕ್ಕೆ ಹೋಗಿ: ಫ್ಲಾಪ್‌ನಲ್ಲಿ ಏನು ಮಾಡಿದ್ದರು, ಟರ್ನ್‌ನಲ್ಲಿ ಏನು ಮಾಡಿದ್ದರು, ಈಗ ಯಾವ ಕೈ ತೋರಿಸುತ್ತಿದ್ದಾರೆ, ಆ ಕೈ ಇದ್ದಿದ್ದರೆ ಹಿಂದೆಯೂ ಹೀಗೇ ಆಡುತ್ತಿದ್ದರಾ? ಬ್ಲಫ್ ಹೌದೋ ಅಲ್ಲವೋ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಎಲೆ ತೋರಿಸಿದಾಗ ಹೊಂದಿಸಿ ನೋಡಿ. ನಿಮ್ಮ ಸರದಿ ಬಂದಾಗ ಇದೇ ಪ್ರಶ್ನೆಗಳನ್ನು ಫ್ಲಾಪ್‌ನಲ್ಲೇ ಕೇಳಿಕೊಳ್ಳಿ, ರಿವರ್‌ವರೆಗೆ ಕಾಯಬೇಡಿ.